ಕಂಠಮಟ್ಟ ಪೆಟ್ರೋಲು

ಸೋಮವಾರ ಬೆಳಗ್ಗೆ ಆರು ಗಂಟೆಗೆ ಇನ್ನೂ ಐದು ನಿಮಿಷ ಇರುವಾಗ ಆ ದೀಪ ಮತ್ತೆ ಹತ್ತಿಕೊಂಡಿತು. ಹಳದಿ ಬಣ್ಣದ್ದು, ಎಂಜಿನ್ನಿನ ಆಕಾರದ್ದು, ಹೆಬ್ಬೆರಳ ಉಗುರಿನಷ್ಟು ಪುಟ್ಟದು. ಎಂಜಿನ್ನಿಗೆ ಏನೋ ಆಗಿದೆ, ತೋರಿಸಿಕೊಂಡು ಬಾ ಎನ್ನುವ ದೀಪ. ಸೂಜಿಯಕ್ಕ ಅದನ್ನು ನೋಡಿದಳು, ಕಣ್ಣು ಮುಚ್ಚಿಕೊಂಡಳು, ಬಿಟ್ಟು ಮತ್ತೆ ನೋಡಿದಳು. ಇತ್ತು. ಹೋದ ಬುಧವಾರವಷ್ಟೇ ಗ್ಯಾರೇಜಿಗೆ ಹೋಗಿ ಅದನ್ನು ಆರಿಸಿಕೊಂಡು ಬಂದಿದ್ದಳು. ಗುರುವಾರ, ಶುಕ್ರವಾರ, ಶನಿವಾರ ಕಾರು ಒಳ್ಳೆಯ ಮನೆತನದ ಸೊಸೆಯಂತೆ ನಡೆದುಕೊಂಡಿತ್ತು.

"ಬಂದ್ರಾ ಬೀಗರು?" ಎಂದು ಗೇಟು ಹಿಡಿದು ನಿಂತಿದ್ದ ಯಜಮಾನರು ಕೇಳಿದರು. ಅವರಿಗೆ ದೀಪ ಕಾಣುವುದಿಲ್ಲ. ಹೆಂಡತಿ ಬಿಟ್ಟ ಉಸಿರಿನ ಉದ್ದದಿಂದಲೇ ಗೊತ್ತಾಗಿಬಿಡುತ್ತದೆ.

"ಬಂದ್ರು. ಸಾಮಾನು ಸಮೇತ ಬಂದಿದ್ದಾರೆ, ಈ ವಾರ ಹೊರಡೋ ಹಾಗೆ ಕಾಣಲ್ಲ."

"ಕಾಫಿ ಕೊಟ್ಟು ಕಳಿಸು."

"ನೀವೇ ಕೊಡಿ, ನನಗೆ ಹೊತ್ತಾಯ್ತು."

ಮಗಳ ಮನೆಯ ನಿಜವಾದ ಬೀಗರು ವರ್ಷಕ್ಕೊಂದು ಸಲ ಬಂದರೆ ಹೆಚ್ಚು. ಬಂದರೂ ಸಂಜೆಯ ಬಸ್ಸಿಗೆ ಹೊರಟುಬಿಡುತ್ತಾರೆ, ಪಾಪ, ಮರ್ಯಾದಸ್ತರು. ಈ ದೀಪ ಮಾತ್ರ ಹತ್ತು ತಿಂಗಳಿಂದ ಒಂದು ವಾರವೂ ಬಿಟ್ಟಿದ್ದಿಲ್ಲ. ಮೊದಮೊದಲು ಅದನ್ನು ಕಂಡರೆ ಅವಳ ಎದೆ ಧಸಕ್ಕೆನ್ನುತ್ತಿತ್ತು. ಆಮೇಲೆ ಸಿಟ್ಟು ಬರುತ್ತಿತ್ತು. ಈಗ ಎರಡೂ ಇಲ್ಲ, ಸುಸ್ತು ಮಾತ್ರ. ಐವತ್ತಾರು ವರ್ಷದ ಹೆಂಗಸು ಬೆಳಗ್ಗೆ ನಾಲ್ಕೂವರೆಗೆ ಎದ್ದು, ಹಿಮ್ಮಡಿ ನೋವಿಗೆ ಬಿಸಿನೀರು ಕಾಯಿಸಿಕೊಂಡು, ಆರಕ್ಕೆಲ್ಲ ಸ್ಟೀರಿಂಗ್ ಹಿಡಿದು ಕೂತರೆ, ಎದುರಿಗೆ ಒಂದು ಹಳದಿ ದೀಪ ಏನಾಯ್ತು ಏನಾಯ್ತು ಎಂದು ಕೇಳುತ್ತಾ ಕೂತಿರುತ್ತದೆ. ಏನಾಯ್ತೋ ಯಾರಿಗೆ ಗೊತ್ತು! ನೀವೇ ಹೇಳಿ, ಎಷ್ಟು ದಿನ ತಡೆದುಕೊಳ್ಳಬಹುದು?

ಅವಳ ಕೆಲಸ ಮನೆಮನೆಗೆ ಹೋಗಿ ರಕ್ತ ತೆಗೆದು ಲ್ಯಾಬಿಗೆ ತಲುಪಿಸುವುದು. ಹಾಸಿಗೆ ಹಿಡಿದವರು, ಮೆಟ್ಟಿಲು ಇಳಿಯಲಾರದವರು, ಹಸುಗೂಸಿನ ತಾಯಂದಿರು, ಹೀಗೆ ದಿನಕ್ಕೆ ಹದಿನಾಲ್ಕು ಹದಿನೈದು ಮನೆ. ಹಿಂದಿನ ಸೀಟಿನಲ್ಲಿ ಐಸ್ ಪೆಟ್ಟಿಗೆ, ಅದು ಅಲುಗಾಡದಂತೆ ಸೀಟ್ ಬೆಲ್ಟು ಹಾಕಿರುತ್ತಾಳೆ. ಪಕ್ಕದ ಚೀಲದಲ್ಲಿ ಸಿರಿಂಜು, ಹತ್ತಿ, ತೋಳಿಗೆ ಬಿಗಿಯುವ ರಬ್ಬರ್ ಪಟ್ಟಿ, ಬಣ್ಣಬಣ್ಣದ ಮುಚ್ಚಳದ ಟ್ಯೂಬುಗಳು, ಸೂಜಿ ಚುಚ್ಚಿದ ಜಾಗಕ್ಕೆ ಅಂಟಿಸುವ ದುಂಡನೆಯ ಪ್ಲಾಸ್ಟರು. ಇಪ್ಪತ್ತೆರಡು ವರ್ಷದಿಂದ ಚುಚ್ಚಿ ಚುಚ್ಚಿ ಅವಳ ಸ್ವಂತ ಹೆಸರನ್ನು ಊರೇ ಮರೆತುಬಿಟ್ಟಿದೆ. ಎಲ್ಲರಿಗೂ ಅವಳು ಸೂಜಿಯಕ್ಕ.

"ಇರುವೆ ಕಚ್ಚಿದ ಹಾಗೆ, ಅಷ್ಟೇ" ಎನ್ನುವುದು ಅವಳ ಮಾಮೂಲಿ ಮಾತು. ಮೂರನೇ ಮನೆಯ ನಿವೃತ್ತ ಮೇಷ್ಟ್ರು, "ಏನಮ್ಮಾ, ಅದೇ ಇರುವೆನಾ ಇನ್ನೂ? ಅದಕ್ಕೂ ವಯಸ್ಸಾಗಿರಬೇಕು" ಎನ್ನುವುದೂ ಮಾಮೂಲಿ. ಆದರೆ ಆ ಸೋಮವಾರ ಅವರು ನಗಿಸುವ ಸ್ಥಿತಿಯಲ್ಲಿರಲಿಲ್ಲ. ಖಾಲಿ ಹೊಟ್ಟೆಯ ರಕ್ತ ಕೊಡಬೇಕೆಂದು ಹಿಂದಿನ ಸಂಜೆಯಿಂದ ಉಪವಾಸ ಕೂತಿದ್ದರು. ಕಾರು ಎರಡನೇ ಮನೆಯ ಮುಂದೆ ಕೆಮ್ಮಿ ಕೆಮ್ಮಿ, ಐದಾರು ಸಲ ಕೀಲಿ ತಿರುಗಿಸಿದ ಮೇಲೆ ಎದ್ದಿದ್ದರಿಂದ ಅರ್ಧ ಗಂಟೆ ತಡವಾಗಿತ್ತು.

"ನಾನು ಸತ್ತ ಮೇಲೆ ಬಂದು ತೆಗೀತೀಯಾ ಅಂದ್ಕೊಂಡೆ" ಎಂದರು ಮೇಷ್ಟ್ರು.

"ಆಮೇಲೆ ಬರಲ್ಲ ಮೇಷ್ಟ್ರೇ, ಹೆಪ್ಪುಗಟ್ಟಿರುತ್ತೆ" ಎಂದು ಅವಳು ಪಟ್ಟಿ ಬಿಗಿದಳು.

ಗಾಡಿಗೆ ಹತ್ತೊಂಬತ್ತು ವರ್ಷ. ಇವರ ಮನೆಗೆ ಬಂದು ಹದಿನಾಲ್ಕು. ಅದು ಓಡಿದರೆ ಇವಳು ಓಡಬೇಕು, ಇವಳು ಓಡಿದರೆ ಮನೆ ಓಡಬೇಕು. ಯಜಮಾನರು ಮೂವತ್ತು ವರ್ಷ ಬಸ್ಸು ಓಡಿಸಿದವರು. ಕಣ್ಣಿನ ನರ ಒಣಗುತ್ತಾ ಬಂದು, ನೋಟ ಸುತ್ತಲಿಂದ ಮುಚ್ಚಿಕೊಂಡು, ಈಗ ಒಂದು ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ ಕಾಣುತ್ತದೆ. ಒಂದು ವರ್ಷದ ಹಿಂದೆ ತಾವೇ ಹೋಗಿ ಲೈಸೆನ್ಸು ವಾಪಸು ಕೊಟ್ಟು ಬಂದರು. ಬಂದವರು ಕಾರಿನ ಕೀಲಿಯನ್ನು ಅವಳ ಕೈಗಿಟ್ಟು, "ತಗೋ, ಇನ್ಮೇಲೆ ನೀನೇ ಡ್ರೈವರು, ನಾನು ಕಂಡಕ್ಟರು" ಎಂದರು. ನಗುತ್ತಲೇ ಅಂದರು. ಆದರೆ ಅವತ್ತು ಊಟ ಮಾಡಲಿಲ್ಲ.

ಹೋದ ತಿಂಗಳು ಗಾಡಿಯ ತಪಾಸಣೆ ಇತ್ತು. ಹಳೆಯ ಗಾಡಿಗಳನ್ನು ವರ್ಷಕ್ಕೊಮ್ಮೆ ತಪಾಸಣೆ ಕೇಂದ್ರಕ್ಕೆ ಒಯ್ದು, ಓಡಿಸಲು ಯೋಗ್ಯ ಎಂದು ಸರ್ಟಿಫಿಕೇಟು ಬರೆಸಿಕೊಂಡು ಬರಬೇಕು. ಎಂಜಿನ್ ದೀಪ ಉರಿಯುತ್ತಿದ್ದರೆ ಫೇಲು, ಬೇರೆ ಮಾತಿಲ್ಲ. ಆ ಬೆಳಗ್ಗೆಯೂ ದೀಪ ಉರಿಯುತ್ತಿತ್ತು. ಸೂಜಿಯಕ್ಕ ಏನು ಮಾಡಿದಳು ಗೊತ್ತೇ? ಚೀಲದಿಂದ ಒಂದು ದುಂಡನೆಯ ಪ್ಲಾಸ್ಟರು ತೆಗೆದು ದೀಪದ ಮೇಲೆ ಅಂಟಿಸಿದಳು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿಕೊಂಡು ಬಂದ ಕೈ. ಏನಾದರೂ ಒಸರುತ್ತಿದ್ದರೆ ಒತ್ತಿ ಅಂಟಿಸಿಬಿಡುವುದು. ಪ್ಲಾಸ್ಟರಿನ ಒಳಗಿಂದ ದೀಪ ಹಸಿಗಾಯದ ಹಾಗೆ ಇನ್ನಷ್ಟು ಚೆನ್ನಾಗಿ ಕಾಣುತ್ತಿತ್ತು.

ತಪಾಸಣೆಯವನು ಅದನ್ನು ಉಗುರಿನಿಂದ ಎಬ್ಬಿಸಿ ನೋಡಿ, ಅವಳ ಮುಖ ನೋಡಿ, "ಇದೇನಮ್ಮಾ, ಗಾಡಿಗೆ ಇಂಜೆಕ್ಷನ್ ಕೊಡಿಸಿದ್ರಾ?" ಎಂದ. ಹಿಂದೆ ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವಳಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಫೇಲು ಎಂದು ಬರೆದು, ಇನ್ನೊಂದು ಸಲ ತರಲು ತಾರೀಖು ಕೊಟ್ಟು ಕಳಿಸಿದ. ಆ ಎರಡನೇ ಸಲವೂ ಫೇಲಾದರೆ ಗಾಡಿ ರಸ್ತೆಗೆ ಇಳಿಯುವ ಹಾಗಿಲ್ಲ.

ಇಷ್ಟು ಸಾಲದು ಅಂತ ಲ್ಯಾಬಿನ ಮ್ಯಾನೇಜರು ಬೇರೆ. ಅವಳ ಮಗಳಿಗಿಂತ ಚಿಕ್ಕವಳು, ಕೆಟ್ಟವಳೇನಲ್ಲ. "ಆಂಟಿ, ತಿಂಗಳ ಕೊನೆಗೆ ಸರ್ಟಿಫಿಕೇಟು ಫೈಲಿನಲ್ಲಿ ಇರಲೇಬೇಕು. ಇಲ್ಲದಿದ್ರೆ ನಿಮ್ಮ ರೂಟು ಬೇರೆಯವರಿಗೆ ಕೊಡಬೇಕಾಗುತ್ತೆ. ನನ್ನ ಕೈಲಿಲ್ಲ" ಎಂದಿದ್ದಳು. ಅವಳ ಕೈಲಿಲ್ಲ, ತಪಾಸಣೆಯವನ ಕೈಲಿಲ್ಲ. ಹಾಗಾದರೆ ಯಾರ ಕೈಲಿತ್ತು? ಅದನ್ನು ಹೇಳುವ ಮುಂಚೆ ಭಾನುವಾರದ ವಿಷಯ ಹೇಳಬೇಕು.

ಭಾನುವಾರ ರಕ್ತಕ್ಕೆ ರಜೆ. ಬೆಳಗ್ಗೆ ಒಂಬತ್ತಕ್ಕೆಲ್ಲ ಯಜಮಾನರು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾರಿನ ಪಕ್ಕ ತಯಾರಾಗಿ ನಿಲ್ಲುತ್ತಾರೆ. ಮನೆಯಿಂದ ಎರಡು ತಿರುವು ದಾಟಿದರೆ ಪೆಟ್ರೋಲ್ ಬಂಕು, ನಾವೇ ಇಳಿದು ಹಾಕಿಕೊಳ್ಳುವಂಥದ್ದು. ಅಲ್ಲಿ ಅವಳು ಇಳಿಯುವ ಹಾಗಿಲ್ಲ. ಅದು ಅವರ ರಾಜ್ಯ. ಕೈಯಿಂದ ಕಾರಿನ ಮೈ ಸವರುತ್ತಾ ಹಿಂದಕ್ಕೆ ಹೋಗಿ, ಮುಚ್ಚಳ ಬಿಚ್ಚಿ, ಪೈಪಿನ ಮೂತಿ ಇಟ್ಟು, ತಲೆ ಬಗ್ಗಿಸಿ ಕಿವಿಗೊಟ್ಟು ನಿಲ್ಲುತ್ತಾರೆ. ಪೈಪು ಟಕ್ ಎಂದು ತಾನಾಗಿ ನಿಂತುಕೊಳ್ಳುತ್ತದೆ. ಬೇರೆಯವರಾದರೆ ಅಲ್ಲಿಗೆ ಮುಗಿಯಿತು. ಇವರದು ಅಲ್ಲಿಂದ ಶುರು. ಸೊಂಟದಿಂದ ಕಾರನ್ನು ಒಂದು ಸಲ ಕುಲುಕಿ, ಒಳಗಿನ ಗಾಳಿ ಗುಳುಗುಳು ಎಂದು ಹೊರಬರುವವರೆಗೆ ಕಾದು, ಮತ್ತೆ ಒತ್ತುತ್ತಾರೆ. ಟಕ್. ಮತ್ತೆ ಕುಲುಕು, ಮತ್ತೆ ಟಕ್. ಪೆಟ್ರೋಲು ಕೊರಳಿಗೆ ಬಂದ ಸದ್ದು ಕೇಳಿದ ಮೇಲೆಯೇ, "ಕಂಠಮಟ್ಟ ಆಯ್ತು!" ಎಂದು ಮುಚ್ಚಳ ತಿರುಗಿಸುವುದು. ಆ ಕ್ಷಣದಲ್ಲಿ ಅವರ ಮುಖ ನೋಡಬೇಕು ನೀವು. ವಾರವೆಲ್ಲ ಗೋಡೆ ಹಿಡಿದು ನಡೆಯುವ ಮನುಷ್ಯ ಅವರೇ ಹೌದೋ ಅಲ್ಲವೋ ಅನ್ನಿಸುತ್ತದೆ.

ಇದು ಇವತ್ತು ನಿನ್ನೆಯ ಅಭ್ಯಾಸವಲ್ಲ. ಹದಿನಾಲ್ಕು ವರ್ಷದ ಹಿಂದೆ, ಈ ಕಾರು ಮನೆಗೆ ಬಂದ ಮೂರನೇ ತಿಂಗಳು, ಅವಳ ಅಪ್ಪನಿಗೆ ಹುಷಾರಿಲ್ಲ, ಆಸ್ಪತ್ರೆಗೆ ಸೇರಿಸಿದ್ದೇವೆ, ಬೇಗ ಬಾ ಎಂದು ಅಣ್ಣ ಫೋನು ಮಾಡಿದ್ದ. ಮಧ್ಯಾಹ್ನದ ಹೊತ್ತು. ಗಂಡ ಹೆಂಡತಿ ಹೊರಟರು. ಅರವತ್ತು ಕಿಲೋಮೀಟರ್ ದಾರಿ. ಅರ್ಧ ದಾಟಿದ ಮೇಲೆ, ಎರಡೂ ಕಡೆ ಬಯಲು ಬಿಟ್ಟರೆ ಬೇರೇನೂ ಇಲ್ಲದ ಕಡೆ, ಪೆಟ್ರೋಲು ಮುಗಿದು ಕಾರು ನಿಂತುಬಿಟ್ಟಿತು. ಯಜಮಾನರು ಡಬ್ಬ ಹಿಡಿದು ಓಡಿದರು, ಯಾರದೋ ಗಾಡಿ ಹತ್ತಿದರು, ಪೆಟ್ರೋಲು ತಂದರು. ಅಷ್ಟರಲ್ಲಿ ಒಂದು ಗಂಟೆ ಹತ್ತು ನಿಮಿಷ ಆಗಿಹೋಗಿತ್ತು. ಆಸ್ಪತ್ರೆ ತಲುಪಿದಾಗ ಅಪ್ಪ ಹೋಗಿ ಇಪ್ಪತ್ತು ನಿಮಿಷ.

ನೆಂಟರಿಷ್ಟರೆಲ್ಲ ತುಂಬಿದ್ದ ವರಾಂಡದಲ್ಲಿ ಅಣ್ಣ ಯಜಮಾನರನ್ನು ನಿಲ್ಲಿಸಿ ಬೈದ. "ಡ್ರೈವರಂತೆ ಡ್ರೈವರು! ಗಾಡಿಗೆ ಪೆಟ್ರೋಲ್ ಇದೆಯೋ ಇಲ್ವೋ ನೋಡೋಕೆ ಬರಲ್ಲ, ಬಸ್ಸು ಓಡಿಸ್ತಾನಂತೆ. ಕೊನೇ ಗಳಿಗೇಲಿ ಮಗಳ ಮುಖ ನೋಡೋದು ತಪ್ಪಿಸಿಬಿಟ್ಟೆಯಲ್ಲೋ" ಎಂದ. ಯಜಮಾನರು ತಲೆ ತಗ್ಗಿಸಿ ನಿಂತಿದ್ದರು. ಅವಳು ಗೋಡೆಗೆ ಒರಗಿ ಅಳುತ್ತಿದ್ದಳು. ಅವತ್ತಿನಿಂದ ಆ ಮನೆಯ ಯಾವ ಕಾರ್ಯಕ್ಕೆ ಹೋದರೂ ಯಾರಾದರೊಬ್ಬರು, "ಪೆಟ್ರೋಲ್ ಇದೆಯೇನಪ್ಪಾ ಗಾಡೀಲಿ?" ಎಂದು ನಗುತ್ತಾ ಕೇಳುತ್ತಾರೆ. ಯಜಮಾನರೂ ನಗುತ್ತಾರೆ. ಅಣ್ಣ ಮಾತ್ರ ನಗುವುದಿಲ್ಲ, ಅವರ ಜೊತೆ ಮಾತೂ ಆಡುವುದಿಲ್ಲ. ಅವತ್ತಿನಿಂದಲೇ ಕಂಠಮಟ್ಟದ ಲೆಕ್ಕ ಶುರುವಾದದ್ದು.

ಸರಿ, ಈಗ ಗ್ಯಾರೇಜಿಗೆ ಬನ್ನಿ.

ಗ್ಯಾರೇಜಿನವನಿಗೆ ರೇಡಿಯೋ ಎಂದು ಅಡ್ಡಹೆಸರು. ಗಾಡಿಯ ಕೆಳಗೆ ಮಲಗಿದ್ದಾಗಲೂ ಮಾತು ನಿಲ್ಲಿಸದ ಮನುಷ್ಯ. ಹತ್ತು ತಿಂಗಳಲ್ಲಿ ಅವನು ಬದಲಾಯಿಸದ ಸಾಮಾನಿಲ್ಲ. ಪ್ಲಗ್ಗು ಹೋಯಿತು, ಸೆನ್ಸರು ಹೋಯಿತು, ಯಾವುದೋ ವಾಲ್ವು ಬಂತು. ಪ್ರತಿ ಸಲ ಸಣ್ಣ ಯಂತ್ರವನ್ನು ಕಾರಿನ ಹೊಟ್ಟೆಗೆ ಸಿಕ್ಕಿಸಿ, ಅದು ತೋರಿಸಿದ ನಂಬರು ಓದಿ, "ಪೆಟ್ರೋಲ್ ಹೊಗೆ ಎಲ್ಲೋ ಸೋರ್ತಿದೆ ಅನ್ನುತ್ತೆ ಅಕ್ಕ, ಎಲ್ಲಿ ಅಂತ ಹೇಳಲ್ಲ, ಕಳ್ಳನನ್ಮಗಂದು" ಎಂದು ದೀಪ ಆರಿಸಿ ಕಳಿಸುತ್ತಿದ್ದ. ಆ ಸೋಮವಾರ ಕಳೆದು ಬಂದ ಬುಧವಾರ ಅವಳು ಬಂದವಳೇ ಸ್ಟೂಲಿನ ಮೇಲೆ ಕುಸಿದು ಕೂತಳು.

"ಮುಂದಿನ ಗುರುವಾರ ಎರಡನೇ ತಪಾಸಣೆ" ಎಂದಳು. "ಇದು ಹೋದ್ರೆ ನನ್ನ ಕೆಲಸ ಹೋಯ್ತು. ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳಿಬಿಡಪ್ಪ. ನನಗೂ ಸಾಕಾಗಿದೆ."

ರೇಡಿಯೋ ಕೈಯಲ್ಲಿದ್ದ ಯಂತ್ರ ಕೆಳಗಿಟ್ಟ. ಆಮೇಲೆ ಕೇಳಿದ: "ಅಕ್ಕ, ಈ ದೀಪ ಯಾವಾಗ್ಲೂ ಸೋಮವಾರ ಮಂಗಳವಾರಾನೇ ಬರುತ್ತಲ್ಲ, ಯಾಕೆ? ಗುರುವಾರ ಯಾಕೆ ಬರಲ್ಲ? ಭಾನುವಾರ ಗಾಡಿಗೆ ಏನ್ಮಾಡ್ತೀರಿ?"

"ಏನೂ ಇಲ್ಲ. ಪೆಟ್ರೋಲ್ ಹಾಕಿಸಿ ಮನೆ ಮುಂದೆ ನಿಲ್ಲಿಸ್ತೀವಿ."

"ಎಷ್ಟು ಹಾಕಿಸ್ತೀರಿ?"

"ಕಂಠಮಟ್ಟ."

ರೇಡಿಯೋ ಎದ್ದು, ಹಿಂದಿನ ಚಕ್ರದ ಪಕ್ಕ ಕೆಳಗೆ ನುಗ್ಗಿದ. ಕಾಲು ಗಂಟೆಯಲ್ಲಿ ಅಲ್ಲಿಂದ ಒಂದು ಕಪ್ಪು ಡಬ್ಬಿ ಬಿಚ್ಚಿ ತಂದು ಅವಳ ಕೈಗೆ ಕೊಟ್ಟ. ತುಂಬಿದ ನೀರಿನ ಚೊಂಬಿನಷ್ಟು ಭಾರ. ಪೆಟ್ರೋಲಿನ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು.

"ಇದು ಒಣಗಿರಬೇಕು ಅಕ್ಕ. ಒಳಗೆ ಇದ್ದಿಲು ಇರುತ್ತೆ, ಟ್ಯಾಂಕಿನ ಹೊಗೆ ಹೀರ್ಕೊಳ್ಳೋಕೆ. ಹೊಗೆ ಹೀರೋದಕ್ಕೆ ಪೆಟ್ರೋಲೇ ಕುಡಿಸಿದ್ದೀರಿ. ಟಕ್ ಅಂದ ಮೇಲೂ ತುಂಬಿಸಿ, ದಿನವೆಲ್ಲ ಬಿಸಿಲಲ್ಲಿ ನಿಲ್ಲಿಸಿದ್ರೆ ಉಬ್ಬಿ ಉಬ್ಬಿ ಇದರೊಳಕ್ಕೇ ಬರುತ್ತೆ. ಯಾರು ತುಂಬಿಸೋದು, ಬಸ್ ಡ್ರೈವರ್ ಅಣ್ಣಾವ್ರಾ? ಅವರು ಓಡಿಸ್ತಿದ್ದಾಗ ತುಂಬಿಸಿದ ಕೂಡ್ಲೇ ಓಡಿಸಿಬಿಡೋರು, ನಡೀತು. ಈಗ ನಡೆಯಲ್ಲ."

ಹಳೆಯ ಗಾಡಿಯೊಂದರಿಂದ ಒಣ ಡಬ್ಬಿ ಬಿಚ್ಚಿ ಅವನು ಇದಕ್ಕೆ ಹಾಕಿದ. ದೀಪ ಆರಿಸಿದ. "ಎಂಟು ದಿನ ಇದು ಬರಬಾರದು. ಬರೀ ಆರಿಸ್ಕೊಂಡು ಹೋದ್ರೆ ಅವರ ಯಂತ್ರಕ್ಕೆ ಗೊತ್ತಾಗುತ್ತೆ, ಆರಿಸಿದ ಮೇಲೆ ಕನಿಷ್ಠ ನಾಲ್ಕು ದಿನ ಓಡಿರಬೇಕು. ಮಧ್ಯೆ ಒಂದೇ ಒಂದು ಭಾನುವಾರ ಇದೆ. ಆ ಭಾನುವಾರ ಟಕ್ ಅಂದ ಕೂಡ್ಲೇ ನಿಲ್ಲಿಸಿಬಿಡಿ. ಅಷ್ಟೇ, ಬೇರೇನೂ ಇಲ್ಲ. ಅಣ್ಣಾವ್ರಿಗೆ ಒಂದು ಮಾತು ಹೇಳಿ."

ಅಷ್ಟೇ ಅಂತೆ! ರೇಡಿಯೋಗೆ ಏನು ಗೊತ್ತು. ಮನೆಗೆ ಹೋಗುವ ದಾರಿಯಲ್ಲಿ ಅವಳು ಗಾಡಿಯನ್ನು ಒಂದು ಮರದ ಕೆಳಗೆ ನಿಲ್ಲಿಸಿ ಕೂತುಬಿಟ್ಟಳು. ಯಾಕೆಂದರೆ ಹದಿನಾಲ್ಕು ವರ್ಷದಿಂದ ಅವಳೊಬ್ಬಳ ಹೊಟ್ಟೆಯೊಳಗಿದ್ದ ಒಂದು ವಿಷಯ ಈಗ ಮೇಲಕ್ಕೆ ಬಂದಿತ್ತು. ಅವತ್ತು ಊರು ದಾಟುವ ಮುಂಚೆ, ಕೊನೆಯ ಬಂಕಿನ ಹತ್ತಿರ, ಯಜಮಾನರು ಗಾಡಿ ನಿಧಾನ ಮಾಡಿದ್ದರು. ಮುಳ್ಳು ಕೆಳಗಿದೆ, ಎರಡು ನಿಮಿಷ, ಹಾಕಿಸಿಕೊಂಡುಬಿಡೋಣ ಎಂದಿದ್ದರು. ಅವಳೇ ಕೂಗಿದ್ದಳು: "ಅಲ್ಲಿ ಅಪ್ಪನ ಜೀವ ಹೋಗ್ತಿದೆ, ನಿಮಗೆ ಪೆಟ್ರೋಲ್ ಚಿಂತೆ! ಬರ್ತಾ ಹಾಕಿಸಿದ್ರಾಯ್ತು, ನಡೀರಿ!" ಅವರು ಮುಂದಕ್ಕೆ ಓಡಿಸಿದ್ದರು.

ಆಸ್ಪತ್ರೆಯ ವರಾಂಡದಲ್ಲಿ ಅಣ್ಣ ಬೈಯುವಾಗ ಅವಳು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಆಗ ಅಳುತ್ತಿದ್ದಳು, ಸರಿ. ಮಾರನೆಯ ದಿನ? ಮುಂದಿನ ತಿಂಗಳು? ಅತ್ತಿಗೆ ಆ ಮಾತನ್ನು ತಮಾಷೆ ಮಾಡಿ ಎಲೆಯ ಮುಂದೆ ಕೂತವರನ್ನೆಲ್ಲ ನಗಿಸಿದಾಗ? ಅವಳ ಬಾಯಿಗೆ ಬೀಗ ಬಿದ್ದಿತ್ತು. ತಡವಾದಷ್ಟೂ ಬೀಗಕ್ಕೆ ತುಕ್ಕು ಹಿಡಿಯಿತು. ಯಜಮಾನರೂ ಒಂದು ದಿನ, ಜಗಳವಾಡಿದ ದಿನವೂ, ನೀನೇ ತಾನೇ ಬೇಡ ಅಂದದ್ದು ಎನ್ನಲಿಲ್ಲ. ಮರೆತೇಬಿಟ್ಟಿರಬೇಕು ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಮರೆತ ಮನುಷ್ಯ ವಾರವಾರ ಹಾಗೆ ಟ್ಯಾಂಕು ತುಂಬಿಸುತ್ತಾನೆಯೇ? ಇಷ್ಟು ಸಣ್ಣ ವಿಷಯ ಅವಳಿಗೆ ಹೊಳೆದಿರಲಿಲ್ಲವೇ? ಹೊಳೆದಿತ್ತು. ಸುಳ್ಳು ಯಾಕೆ ಹೇಳಬೇಕು, ಚೆನ್ನಾಗಿಯೇ ಹೊಳೆದಿತ್ತು.

ಈಗ ಯಾವ ಮುಖ ಹೊತ್ತುಕೊಂಡು ಹೋಗಿ, ನಿಮ್ಮ ಪೆಟ್ರೋಲಿನಿಂದಲೇ ಗಾಡಿ ಕೆಡುತ್ತಿದೆ, ತುಂಬಿಸಬೇಡಿ ಎನ್ನುವುದು? ಕಣ್ಣು ಹೋದ ಮೇಲೆ ಅವರ ಕೈಯಲ್ಲಿ ಉಳಿದಿರುವ ಕೆಲಸ ಅದೊಂದೇ. ಅದೂ ತಪ್ಪು, ಇದೂ ನಿಮ್ಮಿಂದಲೇ ಆದದ್ದು ಎಂದು ಇನ್ನೊಂದನ್ನು ಅವರ ತಲೆಗೆ ಕಟ್ಟುವುದೇ? ಅವಳ ಕೈಲಾಗಲಿಲ್ಲ.

ಅದಕ್ಕೇ ಕಳ್ಳದಾರಿ ಹಿಡಿದಳು. ಶನಿವಾರ ಮಧ್ಯಾಹ್ನ ಲ್ಯಾಬಿಗೆ ಪೆಟ್ಟಿಗೆ ಕೊಟ್ಟು ಬರುವಾಗ ತಾನೇ ಬಂಕಿಗೆ ಹೋಗಿ, ಟಕ್ ಎಂದ ಕೂಡಲೇ ನಿಲ್ಲಿಸಿ, ಮುಚ್ಚಳ ಹಾಕಿ ಮನೆಗೆ ಬಂದಳು.

ಭಾನುವಾರ ಒಂಬತ್ತಕ್ಕೆ ಯಜಮಾನರು ಇಸ್ತ್ರಿ ಅಂಗಿ ತೊಟ್ಟು ಹೊರಗೆ ಬಂದರು.

"ಇವತ್ತು ಬೇಡ ರೀ, ನಿನ್ನೆ ದಾರೀಲೇ ಹಾಕಿಸ್ಕೊಂಡು ಬಂದೆ" ಎಂದಳು, ಒಗೆದ ಬಟ್ಟೆ ಕೊಡವುತ್ತಾ.

"ಓಹೋ." ಅವರು ಅಲ್ಲೇ ನಿಂತರು. "ಕಂಠಮಟ್ಟಾನಾ?"

"ಹೂಂ. ಕಂಠಮಟ್ಟ."

ಯಜಮಾನರು ಕಾರಿನ ಹಿಂಬದಿಗೆ ಹೋದರು. ಸೊಂಟದಿಂದ ಒಂದು ಸಲ ಕುಲುಕಿದರು. ಕಿವಿಗೊಟ್ಟರು. ಇನ್ನೊಂದು ಸಲ ಕುಲುಕಿದರು.

"ಇನ್ನೂ ಮೂರು ಲೀಟರ್ ಹಿಡಿಯುತ್ತೆ" ಎಂದರು. "ಸದ್ದು ಬರ್ತಿದೆ. ತುಂಬಿದ್ದಕ್ಕೆ ಸದ್ದಿರಲ್ಲ." ಆಮೇಲೆ, ಅವಳು ಏನಾದರೂ ಹೇಳುತ್ತಾಳೇನೋ ಎಂದು ಸ್ವಲ್ಪ ಕಾದು, ಮೆಲ್ಲಗೆ ಕೇಳಿದರು: "ನಾನು ಹಾಕೋವಾಗ ಏನಾದ್ರೂ ಚೆಲ್ಲುತ್ತಾ? ಕಾಣಲ್ಲ ನೋಡು ನನಗೆ. ಚೆಲ್ಲಿದ್ರೆ ಹೇಳು. ಜನ ನೋಡಿ ನಗ್ತಾರಾ?"

ಅವಳ ಕೈಯಲ್ಲಿದ್ದ ಟವೆಲು ಅಲ್ಲೇ ನಿಂತಿತು. "ಅಯ್ಯೋ, ಹಾಗೇನಿಲ್ಲ ರೀ. ಬನ್ನಿ, ಹೋಗೋಣ" ಎಂದು ಕೀಲಿ ತೆಗೆದುಕೊಂಡಳು.

ಬಂಕಿನಲ್ಲಿ ಜನವಿರಲಿಲ್ಲ. ಯಜಮಾನರು ಇಳಿದು, ಮೈ ಸವರುತ್ತಾ ಹಿಂದಕ್ಕೆ ಹೋಗಿ, ಮುಚ್ಚಳ ಬಿಚ್ಚಿ, ಪೈಪು ಇಟ್ಟು ಒತ್ತಿದರು. ಅರೆಗಳಿಗೆಯೂ ಆಗಲಿಲ್ಲ, ಟಕ್ ಎಂದಿತು. ಅವರು ಸೊಂಟ ತಿರುಗಿಸಿದರು. ಆಗಲೇ ಅವಳು ಇಳಿದು ಬಂದು ಅವರ ಕೈ ಮೇಲೆ ಕೈ ಇಟ್ಟಳು. ಅವರು ಜೊತೆಗಿದ್ದಾಗ ಅವಳು ಅಲ್ಲಿ ಇಳಿದದ್ದು ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು.

"ಸಾಕು ಬಿಡಿ."

"ಈಗಷ್ಟೇ ಟಕ್ ಅಂತು ಕಣೇ. ಇನ್ನೂ ಹಿಡಿಯುತ್ತೆ."

"ಸಾಕು ರೀ. ಅವತ್ತು ನೀವು ಬಂಕಿನ ಹತ್ತಿರ ಗಾಡಿ ನಿಧಾನ ಮಾಡಿದ್ರಿ. ನಾನೇ ಬೇಡ ಅಂದೆ. ಬರ್ತಾ ಹಾಕಿಸಿದ್ರಾಯ್ತು ಅಂದೆ. ಅಣ್ಣ ನಿಮ್ಮನ್ನ ಬೈದಾಗ ಬಾಯಿ ಮುಚ್ಕೊಂಡು ನಿಂತಿದ್ದೆ. ಇವತ್ತಿನವರೆಗೂ ಮುಚ್ಕೊಂಡೇ ಇದ್ದೀನಿ."

ಯಜಮಾನರು ಪೈಪು ಹಿಡಿದುಕೊಂಡೇ ನಿಂತಿದ್ದರು. ಅವಳ ಮುಖ ಇರುವ ಕಡೆಗೆ ತಿರುಗಿ, ಅದನ್ನು ತಮ್ಮ ಕೊಳವೆಯೊಳಗೆ ಹುಡುಕಿದರು.

"ಗೊತ್ತಲ್ಲ" ಎಂದರು. "ಗಾಡೀಲಿ ನಾನೂ ಇದ್ನಲ್ಲ."

"ಮತ್ತೆ ಯಾಕೆ ಹೇಳಲಿಲ್ಲ? ಒಂದು ಮಾತು ಹೇಳಿದ್ರೆ ಅಣ್ಣ ಸುಮ್ಮನಾಗ್ತಿದ್ದ."

"ಅಪ್ಪನ್ನ ಕಳ್ಕೊಂಡಿದ್ದೆ ನೀನು. ಅದರ ಮೇಲೆ ಇದನ್ನೂ ಹೊರಿಸ್ಲಾ? ನಾನು ಬಸ್ಸಿನೋನು, ದಿನಕ್ಕೆ ಐವತ್ತು ಜನ ಬೈತಾರೆ, ಐವತ್ತೊಂದನೆಯೋನು ನಿಮ್ಮಣ್ಣ ಅಂದ್ಕೊಂಡೆ." ಪೈಪಿನ ಹಿಡಿಯನ್ನು ಹೆಬ್ಬೆರಳಿನಿಂದ ಸವರಿದರು. "ಆದ್ರೆ ನೀನು ಒಂದಲ್ಲ ಒಂದಿನ ಹೇಳ್ತೀಯೇನೋ ಅಂತ ಕಾದಿದ್ದೆ. ನನ್ನ ಹತ್ರಾನಾದ್ರೂ."

"ಎಷ್ಟು ದಿನ ಕಾದ್ರಿ?"

"ಒಂದೆರಡು ವರ್ಷ ಇರಬಹುದು. ಆಮೇಲೆ ಬಿಟ್ಬಿಟ್ಟೆ. ಟ್ಯಾಂಕು ತುಂಬಿಸೋದು ಅಭ್ಯಾಸ ಆಗಿಹೋಗಿತ್ತು, ಅದನ್ನ ಬಿಡಲಿಲ್ಲ."

ಅವಳು ಅತ್ತಳು. ಬಂಕಿನ ಗಾಜಿನ ಕೋಣೆಯಲ್ಲಿ ಕೂತಿದ್ದ ಹೆಂಗಸು ಎದ್ದು ನೋಡಿದಳು. ನೋಡಲಿ ಬಿಡಿ. ಆಮೇಲೆ ಮೂಗು ಒರೆಸಿಕೊಂಡು, ಇದ್ದಿಲಿನ ಡಬ್ಬಿಯ ಕಥೆ, ಬಿಸಿಲಿಗೆ ಉಬ್ಬುವ ಪೆಟ್ರೋಲು, ಗುರುವಾರದ ತಪಾಸಣೆ, ಎಲ್ಲವನ್ನೂ ಅಲ್ಲೇ ನಿಂತು ಹೇಳಿದಳು. ಯಜಮಾನರು ಕೊನೆಯವರೆಗೂ ಕೇಳಿಸಿಕೊಂಡು ಪೈಪನ್ನು ತಡವುತ್ತಾ ಅದರ ಜಾಗಕ್ಕೆ ಸಿಕ್ಕಿಸಿದರು.

"ಹಾಗಾದ್ರೆ ಹತ್ತು ತಿಂಗಳಿಂದ ಆ ಬೀಗರನ್ನ ವಾರವಾರ ಕರ್ಕೊಂಡು ಬರ್ತಿದ್ದೋನು ನಾನೇನಾ?"

"ಕೈ ಹಿಡಿದು ಕರ್ಕೊಂಡು ಬರ್ತಿದ್ರಿ."

"ಥೂ ನನ್ನ!" ಎಂದು ಅವರು ಹಣೆ ಬಡಿದುಕೊಂಡರು. ನಗು ಬಂತು ಇಬ್ಬರಿಗೂ, ಆದರೆ ಬಹಳ ಹೊತ್ತು ಇರಲಿಲ್ಲ. ಮುಚ್ಚಳವನ್ನು ಅವರೇ ತಿರುಗಿಸಿದರು.

ಸೋಮವಾರ ಬೆಳಗ್ಗೆ ಅವಳು ಉಸಿರು ಬಿಗಿಹಿಡಿದು ಕೀಲಿ ತಿರುಗಿಸಿದಳು. ದೀಪಗಳೆಲ್ಲ ಒಮ್ಮೆ ಹತ್ತಿ, ಒಂದೊಂದಾಗಿ ಆರಿದವು. ಹಳದಿಯದೂ ಆರಿತು. ಗೇಟಿನ ಹತ್ತಿರದಿಂದ ಯಜಮಾನರು "ಬಂದ್ರಾ?" ಎಂದರು. "ಇಲ್ಲ" ಎಂದಳು. ಮಂಗಳವಾರವೂ ಇಲ್ಲ. ಬುಧವಾರವೂ ಇಲ್ಲ. ಗುರುವಾರ ರೂಟು ಮುಗಿಸಿ, ಯಜಮಾನರನ್ನು ಜೊತೆಗೆ ಕೂರಿಸಿಕೊಂಡು ತಪಾಸಣೆ ಕೇಂದ್ರಕ್ಕೆ ಹೋದಳು. ಅದೇ ಮನುಷ್ಯ ಇದ್ದ. ಡ್ಯಾಶ್‌ಬೋರ್ಡಿಗೆ ಬಗ್ಗಿ ನೋಡಿ, "ಗಾಯ ವಾಸಿ ಆಯ್ತಾ ಅಮ್ಮಾ?" ಎಂದು ತನ್ನ ಯಂತ್ರ ಸಿಕ್ಕಿಸಿದ. ಇಪ್ಪತ್ತು ನಿಮಿಷದಲ್ಲಿ ಸರ್ಟಿಫಿಕೇಟು ಅವಳ ಕೈಯಲ್ಲಿತ್ತು. ಕುಣಿದಾಡಬೇಕಿತ್ತು. ಅವಳಿಗೆ ಬಂದದ್ದು ಆಕಳಿಕೆ. ಕಾರಿನಲ್ಲಿ ಕೂತು, ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಐದು ನಿಮಿಷ ಹಾಗೇ ಇದ್ದಳು. ಆಮೇಲೆ ಲ್ಯಾಬಿಗೆ ಹೋಗಿ ಮ್ಯಾನೇಜರ ಮೇಜಿನ ಮೇಲೆ ಅದರ ನಕಲು ಇಟ್ಟು ಬಂದಳು.

ಲ್ಯಾಬಿನಿಂದ ಮನೆಗೆ ಬಲಕ್ಕೆ ತಿರುಗಬೇಕು. ಅವಳು ನೇರ ಹೊರಟಳು. ಯಜಮಾನರಿಗೆ ದಾರಿ ಕಾಣದಿದ್ದರೂ ತಿರುವು ಗೊತ್ತಾಗುತ್ತದೆ, ಮೂವತ್ತು ವರ್ಷದ ಡ್ರೈವರು.

"ಎಲ್ಲಿಗೆ?"

"ಅಣ್ಣನ ಮನೆಗೆ. ನಿಮ್ಮನ್ನ ಎದುರಿಗೆ ಕೂರಿಸ್ಕೊಂಡು ಹೇಳ್ತೀನಿ. ಅತ್ತಿಗೆ ಮುಂದೇನೇ."

"ಈಗ್ಯಾಕೆ ಅದೆಲ್ಲ? ಸುಮ್ಮನೆ ಮನೆಗೆ ನಡಿ. ನಿನಗೂ ಸುಸ್ತಾಗಿದೆ."

"ಸುಸ್ತಾಗಿದೆ. ಅದಕ್ಕೇ."

ಊರಿನ ಕೊನೆಯ ಬಂಕು ಎಡಗಡೆಗೆ ಬಂತು. ಅವಳು ತಾನಾಗಿಯೇ ಗಾಡಿ ನಿಧಾನ ಮಾಡಿ, ಮುಳ್ಳು ನೋಡಿದಳು.

"ಎಷ್ಟಿದೆ?" ಎಂದರು ಯಜಮಾನರು.

"ಅರ್ಧದ ಮೇಲಿದೆ. ಹಾಕಿಸ್ಲಾ?"

ಅವರು ಕಾರಿನ ಸದ್ದಿಗೆ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತರು. ಆಮೇಲೆ ಸೀಟಿಗೆ ಒರಗಿಕೊಂಡು, ಕಣ್ಣು ಮುಚ್ಚಿದರು.

"ಬರ್ತಾ ಹಾಕಿಸೋಣ. ನಡಿ" ಎಂದರು.